ಕಾಗದದ ತುಟಿ

ವರ್ನೆಲ್ ಟಿಡ್ವೆಲ್‌ನ ಎರೆಯಂಗಡಿ
ಬೆಳಗಿನ ಐದಕ್ಕೇ ತೆರೆಯುತ್ತದೆ.
ರೀಲ್‌ಫುಟ್ ಕೆರೆಯ ದಂಡೆ, ತಗಡಿನ ಸೂರು,
ಕಾಫಿ, ಡೀಸೆಲ್, ಮೀನಿನ ಲೋಳೆ ಬೆರೆತ ಒಂದೇ ವಾಸನೆ.
ಹದಿನೆಂಟು ವರ್ಷ ಈ ಬಾಗಿಲ ಮುಂದೆ
ಶಾಲೆಯ ಬಸ್ಸು ತಿರುಗಿಸಿಕೊಂಡು ಹೋಗಿದ್ದೇನೆ.
ಒಳಗೆ ಕಾಲಿಟ್ಟದ್ದು ಇವತ್ತೇ.

'ಕ್ರಾಪಿ ಹಿಡಿಯಬೇಕು. ಯಾವ ಎರೆ?'
ವರ್ನೆಲ್ ಕನ್ನಡಕ ಹಣೆಗೇರಿಸಿದ.
'ಯಾವುದು ಬೇಕು?'
ಗೊತ್ತಿದ್ದರೆ ಕೇಳುತ್ತಿದ್ದೆನೆ?

ಗೋಡೆಯ ತುಂಬ ಮೊಳೆ, ಮೊಳೆಗೊಂದು ಪೊಟ್ಟಣ,
ಪೊಟ್ಟಣದೊಳಗೆ ರಬ್ಬರ್ ಬಾಲದ ಜಿಗ್ಗುಗಳು:
ಎಳೆನಿಂಬೆ ಹಸಿರು, ಕಪ್ಪು ಮೈಗೆ ಗುಲಾಬಿ ಬಾಲ,
ಹೊಗೆಬಣ್ಣದ ಮೇಲೆ ಬೆಳ್ಳಿಪುಡಿ,
ಹೆಸರೇ ಇಲ್ಲದ ಇನ್ನೂ ಹದಿನಾರು.
ಹಳದಿಗೆ ಕೈ ಹಾಕಿದೆ.
'ಅದ್ಯಾಕೆ?'
'ನನ್ನ ಬಸ್ಸಿನ ಬಣ್ಣ.'
'ನಿನಗೆ ಹಿಡಿಸಿದ್ದೇ ಮೀನನ್ನೂ ಹಿಡಿಸುತ್ತೆ ಅಂತಿಲ್ಲ.
ನೀರು ಕದಡಿದ್ದರೆ ಕಣ್ಣಿಗೆ ಹೊಡೆಯೋ ಬಣ್ಣ,
ತಿಳಿಯಿದ್ದರೆ ಮಾಸಲು,
ಏನೂ ತಿಳಿಯದಿದ್ದರೆ ಮಿನ್ನೋ.'

ತೊಟ್ಟಿಗೆ ಬಲೆಚಮಚ ಇಳಿಸಿ ಎರಡು ಡಜನ್ ಎಣಿಸಿದ.
ಎಣಿಸಿದ್ದು ಇಪ್ಪತ್ತೇಳು.
ಮೂರು, ನನ್ನ ತಪ್ಪುಗಳ ಬಾಬ್ತು.

ಇದು ನೆಲ ನಡುಗಿ ಹುಟ್ಟಿದ ಕೆರೆ.
ಇನ್ನೂರು ವರ್ಷದ ಕೆಳಗೆ ಕಾಡು ಕುಸಿದು ನೀರು ನುಗ್ಗಿತಂತೆ.
ಮುಳುಗಿದ ಮರಗಳ ಬೊಡ್ಡೆ ಈಗಲೂ ಕೆಳಗಿವೆ,
ಕ್ರಾಪಿಗಳು ಅಲ್ಲಿಯೇ,
ಬಾಡಿಗೆ ಕೊಡದ ಒಕ್ಕಲು.

ಕೆಳತುಟಿಯಿಂದ ಮೇಲಕ್ಕೆ ಗಾಳ ತೂರಿಸು ಅಂದಿದ್ದ.
ಅಂಗೈಯಲ್ಲಿ ಮಿನ್ನೋ ಬಾಯಿ ತೆರೆಯಿತು, ಮುಚ್ಚಿತು,
ಬಸ್ಸಿನ ಗಾಜಿನಾಚೆ ಏನೋ ಹೇಳುವ ಮಗುವಿನಂತೆ.
ಒಂದು ಜಾರಿತು. ಒಂದು ನನ್ನ ಹಿಡಿತಕ್ಕೇ ಸತ್ತಿತು.
ಮೂರನೆಯದಕ್ಕೆ ಕಣ್ಣು ಮುಚ್ಚಿಕೊಂಡೆ,
ಚುಚ್ಚಿದ್ದು ನನ್ನ ಹೆಬ್ಬೆರಳಿಗೆ.
ವರ್ನೆಲ್‌ನ ಲೆಕ್ಕ ಸರಿಯಾಗಿತ್ತು.

ಎರೆ ಇಳಿಬಿಟ್ಟು, ನೀರನ್ನು ಎರೆಯುತ್ತ ಕೂತೆ.
ಹತ್ತಾಯಿತು. ಹನ್ನೊಂದಾಯಿತು.
ಮಿನ್ನೋ ತೆಗೆದು ಹಳದಿ ಕಟ್ಟಿದೆ,
ಹಳದಿ ಬಿಚ್ಚಿ ಹಸಿರು,
ಹಸಿರು ಬಿಚ್ಚಿ ಮತ್ತೆ ಮಿನ್ನೋ.
ಅಟ್ಟಣೆಯ ಆ ತುದಿಯಲ್ಲಿ ಬೋರಲು ಬಕೆಟ್ಟಿನ ಮೇಲೆ
ಮಿಸ್ ಓಥಾ, ಎಂಬತ್ತರ ಮುದುಕಿ, ಬಿದಿರುಗಳು ಹಿಡಿದು
ಏಳನೆಯದನ್ನು ಎತ್ತಿದಳು.
'ಯಾವ ಬಣ್ಣ?' ಕೂಗಿ ಕೇಳಿದೆ.
ತೋರಿಸಿದಳು: ಬೋಳು ಸೀಸದ ಗುಂಡು, ಅರ್ಧ ಬಾಲ.
'ಬಣ್ಣವೆ? ಇತ್ತು, ಒಂದು ಕಾಲಕ್ಕೆ.
ನೀನು ಎಷ್ಟು ಆಳಕ್ಕೆ ಬಿಟ್ಟೆ?'
'ತಳಕ್ಕೆ.'
'ಅಯ್ಯೋ, ಕ್ರಾಪಿ ಮೇಲೆ ನೋಡುತ್ತೆ ಕಣೆ,
ತಲೆ ತಗ್ಗಿಸಿ ಉಣ್ಣೋ ಜಾತಿಯಲ್ಲ.'

ಬೆಂಡನ್ನು ಎರಡು ಗೇಣು ಕೆಳಗೆ ಸರಿಸಿದೆ.
ಒಂದು ಹಾಡಿನಷ್ಟು ಹೊತ್ತು.
ಬೆಂಡು ಮುಳುಗಲಿಲ್ಲ, ಸುಮ್ಮನೆ ಓರೆಯಾಗಿ ನಡೆಯತೊಡಗಿತು.
ಹದಿನೆಂಟು ವರ್ಷದ ಬ್ರೇಕಿನ ಕಾಲು ನನ್ನದು,
ಜಗ್ಗಿಬಿಟ್ಟೆ.
ಬೆಳ್ಳಿ ಪಕ್ಕೆ, ಕಪ್ಪು ಚುಕ್ಕೆ, ಒಂದು ಗಳಿಗೆ ಗಾಳಿಯಲ್ಲಿ,
ಆಮೇಲೆ ಗಾಳದಲ್ಲಿ ಉಳಿದದ್ದು
ಬೆಳಕು ಹಾಯುವಷ್ಟು ತೆಳುವಾದ ಒಂದು ಚೂರು.
'ಕಾಗದದ ತುಟಿ ಅದರದು,' ಅಂದಳು ಮಿಸ್ ಓಥಾ,
ನನ್ನ ಕಡೆ ನೋಡದೆ.

ಉಳಿದ ಎರೆಯನ್ನು ಕೆರೆಗೆ ಬಿಡಬಾರದೆಂದು ಫಲಕವಿತ್ತು.
ಕೊಲ್ಲಲೂ ಮನಸಾಗಲಿಲ್ಲ.
ಸೋಮವಾರ ಬೆಳಿಗ್ಗೆ ಡ್ರೈವರ್ ಸೀಟಿನ ಪಕ್ಕ
ಮುಚ್ಚಳ ತೆಗೆದ ಬಿಳಿ ಬಕೆಟ್ಟು.
ಮೊದಲ ನಿಲ್ದಾಣದಲ್ಲಿ ಹತ್ತುವ ಡೆಲ್ಫಾ,
ಸೆಪ್ಟೆಂಬರಿನಿಂದ ನನಗೊಂದು ಮಾತಾಡದವಳು,
ಮೆಟ್ಟಿಲ ಮೇಲೆಯೇ ನಿಂತಳು, ಬಗ್ಗಿದಳು,
ಬೆರಳು ನೀರಿನ ಮೇಲಾಡಿತು.
'ಒಂಬತ್ತು,' ಅಂದಳು. 'ಇಲ್ಲ, ಹತ್ತು.'

ನಾನು ಕನ್ನಡಿಯಲ್ಲಿ ನೋಡಲಿಲ್ಲ.
ಹೂಂ ಅನ್ನಲೂ ಇಲ್ಲ.
ಬಾಗಿಲು ಮುಚ್ಚಿ, ಗೇರು ಹಾಕಿ,
ನೀರು ತುಳುಕದ ಹಾಗೆ ಹೊರಟೆ.