ಶನಿವಾರದ ಪಾರ್ಸೆಲ್

ಶನಿವಾರ ಹನ್ನೆರಡಕ್ಕೆ ಅಂಚೆಕಚೇರಿಯ ಕದ ಎಳೆಯುತ್ತೇನೆ.
ಅರ್ಧ ಎಳೆದ ಕದದಲ್ಲಿ ಮಿಕುಲ,
ಎದೆಗವಚಿದ ಸೇಬಿನ ಬುಟ್ಟಿ,
ಬುಟ್ಟಿಯ ಅಂಚು ಮೀರಿ ಉಕ್ಕಿದ ಬೂದು ಬೆಕ್ಕು.
"ಪಾರ್ಸೆಲ್," ಅನ್ನುತ್ತಾನೆ.
"ಎಲ್ಲಿಗೆ?" ಅನ್ನುತ್ತೇನೆ.
ಇಪ್ಪತ್ತು ವಾರದಿಂದ ಇದೇ ತಮಾಷೆ,
ಇನ್ನೂ ಹಳಸಿಲ್ಲ.

ಮೊದಲ ಸಲ ಮುಳ್ಳು ನಿಂತದ್ದು ಎಂಟು ಕಿಲೊ ನಾನೂರಕ್ಕೆ.
ಆ ತೂಕದಲ್ಲಿ ರಿಯೇಕದಿಂದ ವಿಯೆನ್ನಾಕ್ಕೆ
ಒಂದು ಜೊತೆ ಬೂಟು, ಎರಡು ಸೀಸೆ ಆಲಿವ್ ಎಣ್ಣೆ,
ಯಾರದೋ ಮಗಳಿಗೊಂದು ಚಳಿಗಾಲದ ಕೋಟು ಹೋಗುತ್ತದೆ.
ಬೆಕ್ಕಿನ ಹೆಸರು ಬಾರ್ಕ. ನಮ್ಮ ಮಾತಲ್ಲಿ ದೋಣಿ.
ಹೆಸರಿಟ್ಟಾಗ ಅಂಗೈಯಷ್ಟಿತ್ತಂತೆ.
ಈಗ ಹಡಗು,
ಲಂಗರು ಹಾಕಿ ಮರೆತ ಹಡಗು.

ತಪ್ಪು ಮೀನಿನದಲ್ಲ, ಸಿಗರೇಟಿನದು.
ಕಾಗದದ ಕಾರ್ಖಾನೆ ಮುಚ್ಚಿದ ವರ್ಷ
ಕರವಸ್ತ್ರದಲ್ಲಿ ಕೆಂಪು ಕಂಡು ಮಿಕುಲ ಬಿಟ್ಟ.
ಬಾಯಿ ಬಿಟ್ಟಿತು, ಕೈ ಬಿಡಲಿಲ್ಲ.
ಬೆರಳು ತುರಿಸಿದಾಗೆಲ್ಲ ಡಬ್ಬಿ ತೆಗೆದು
ಬೆಕ್ಕಿಗೊಂದು ಸಾರ್ಡೀನು:
ಬೆಳಗಿನ ಕಾಫಿಯ ಜೊತೆಗಿನದು,
ವಾರ್ತೆ ಕೇಳುವಾಗಿನದು,
ಸಿಟ್ಟು ಬಂದಾಗಿನದು,
ದೀಪ ಆರಿಸಿದ ಮೇಲೆ ಕಿಟಕಿಯಲ್ಲಿನ ಕೊನೆಯದು.
ದಿನಕ್ಕೆರಡು ಪ್ಯಾಕು ಬೆಕ್ಕು ತಿಂದಿತು.

ಇಳಿಸಬೇಕು ಅಂದಾಗ ಮೊದಲ ವಾರವೇ
ಅದರ ಹೊಟ್ಟೆಗೆ ತಣ್ಣೀರುಬಟ್ಟೆ.
"ನಾನು ಒಂದೇ ದಿನದಲ್ಲಿ ಬಿಟ್ಟೆ, ಇದಕ್ಕೇನು ಧಾಡಿ?"
ಎರಡನೆಯ ದಿನ ಹೆದರಿ ಇಟ್ಟರೂ
ಬಾರ್ಕ ಬಟ್ಟಲಿಗೆ ಬೆನ್ನು ಮಾಡಿ ಮಲಗಿತು.
ಪಶುವೈದ್ಯೆ ತಿಹಾನಳ ಬೈಗುಳ ಬೀದಿಗೂ ಕೇಳಿಸಿತು:
"ದಪ್ಪ ಬೆಕ್ಕನ್ನು ಉಪವಾಸ ಕೆಡವಿದರೆ
ಮೈಯ ಕೊಬ್ಬೆಲ್ಲ ಲಿವರಿಗೆ ನುಗ್ಗುತ್ತದೆ, ಮಾರಾಯ.
ಬೆಕ್ಕು ಕರಗುವುದಿಲ್ಲ, ಸಾಯುತ್ತದೆ.
ಅಳೆದು ಹಾಕು, ದಿನಕ್ಕೆ ನಾಲ್ಕು ಸಲ ಹಾಕು.
ವಾರಕ್ಕೆ ಎಪ್ಪತ್ತು ಗ್ರಾಂ ಸಾಕು.
ತೀರಾ ಹೆಚ್ಚು ಇಳಿಯಿತೋ, ಹಿಗ್ಗಬೇಡ,
ನನಗೆ ಫೋನು ಮಾಡು."

ಎಪ್ಪತ್ತು ಗ್ರಾಂ ಅಂದರೆ ನನ್ನ ಕೈಗೆ ಗೊತ್ತು:
ಹತ್ತು ಹಾಳೆ, ಎರಡು ಫೋಟೊ, ಒಂದು ಲಕೋಟೆ.
ವಾರಕ್ಕೊಂದು ಕಾಗದದಷ್ಟು ಬೆಕ್ಕು
ವಿಳಾಸವಿಲ್ಲದೆ ಎಲ್ಲಿಗೋ ರವಾನೆಯಾಗತೊಡಗಿತು.
ನಾನು ರಸೀತಿಯ ಹಿಂದೆ ಬರೆದಿಡುತ್ತಿದ್ದೆ.

ಬುರಾ ಗಾಳಿ ಬೀಸಿದ ವಾರ ಮುಳ್ಳು ಕದಲಲಿಲ್ಲ.
ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆ ಅನ್ನುತ್ತಾರೆ;
ಅವತ್ತು ಕಣ್ಣು ಮುಚ್ಚಿ ನಿಂತವನು ಮಿಕುಲ.
"ಎರಡು ಸೇದಿದೆ," ಅಂದ, ನೆಲಕ್ಕೆ.
ಸಾರ್ಡೀನು ಅಂತ ನನಗೆ ಅರ್ಥವಾಯಿತು.
ಬೈಯಲಿಲ್ಲ.
ಪಾರ್ಸೆಲ್ ಕಟ್ಟುವ ದಾರದ ಉಂಡೆಯಿಂದ
ಎರಡು ಮಾರು ಕತ್ತರಿಸಿ, ತುದಿಗೆ ಕಡಲಹಕ್ಕಿಯ ಗರಿ ಬಿಗಿದು
ಅವನ ಬೆರಳಿಗೆ ಸುತ್ತಿದೆ.

ಮೊದಲ ದಿನ ಬಾರ್ಕ ಗರಿಯನ್ನು ನೋಡಿತಂತೆ, ಅಷ್ಟೇ.
ಆಮೇಲೆ ಒಂದು ಪಂಜ.
ಆಮೇಲೆ ಮೂರು ಮೆಟ್ಟಿಲು, ಉಸ್ಸೆಂದು ನಿದ್ದೆ.

ಇವತ್ತು ಬುಟ್ಟಿಯನ್ನು ನೆಲಕ್ಕಿಟ್ಟು
ಮಿಕುಲ ಕನ್ನಡಕ ಹುಡುಕುತ್ತಿದ್ದ.
ಬಾರ್ಕ ಹೊರಗೆ ಬಂತು, ತಲೆಯೆತ್ತಿ ಕಟ್ಟೆಯನ್ನು ಅಳೆಯಿತು,
ಹಿಂಭಾಗವನ್ನೊಮ್ಮೆ ಅಲ್ಲಾಡಿಸಿ
ಹಾರಿತು.
ಸ್ಟಾಂಪು ಡಬ್ಬಿ ಉರುಳಿತು. ತಕ್ಕಡಿ ನರಳಿತು.
ಮುಳ್ಳು ಅತ್ತ ಇತ್ತ, ಅತ್ತ ಇತ್ತ.

ಮಿಕುಲನ ಕೈ ಜೇಬಿಗೆ ಹೋಯಿತು.
ನಾನು ನೋಡುತ್ತಲೇ ಇದ್ದೆ.
ಹೊರಗೆ ಬಂದದ್ದು
ದಾರ.