ಇಟ್ಟಿಗೆ ಗುಂಡಿ

ಈ ಗುಂಡಿಯ ಮಣ್ಣು ಈಗ ದಾವಣಗೆರೆಯಲ್ಲಿದೆ:
ಯಾರದೋ ಮೂರನೇ ಮಹಡಿ, ಯಾರದೋ ಕಾಂಪೌಂಡು,
ಒಂದು ಖಾನಾವಳಿಯ ಹೊಗೆ ಕುಡಿದ ಗೋಡೆ.
ಇಟ್ಟಿಗೆ ಸುಡುವುದು ನಿಂತು ಆರು ವರ್ಷ.
ಹೊಲದ ನಡುವೆ ಎಂಟಡಿ ಆಳ ಬಾಯಿ ತೆರೆದು
ಗುಂಡಿ ಮಾತ್ರ ಉಳಿದಿತ್ತು
ಹಲ್ಲು ಕಿತ್ತ ಜಾಗದ ಹಾಗೆ.

ಭದ್ರಾ ನಾಲೆಯ ಬಸಿನೀರು ತಾನಾಗಿ ಬಂದು ಕೂತಿತು.
ಸೊಳ್ಳೆ ಬಂದವು, ಪ್ಲಾಸ್ಟಿಕ್ ಬಂತು,
ಒಂದು ಸಲ ಎಮ್ಮೆಕರು ಬಿದ್ದು ಹಗ್ಗ ಹಾಕಿ ಎಳೆದರು.
'ಮುಚ್ಚಿಸಿಬಿಡ್ರಿ' ಅಂದರು ಓಂಕಾರಪ್ಪನವರಿಗೆ ಮನೆಯವರು.
ಮುಚ್ಚಲು ಮಣ್ಣು ಬೇಕಲ್ಲ,
ಮಣ್ಣು ಊರು ಸೇರಿದೆ.

ಆಗ ನನಗೆ ಹೇಳಿಕಳಿಸಿದರು.
ನಾನು ಸೂಳೆಕೆರೆ ಕಡೆಯ ಅಂಬಿಗರ ಹಾಲಮ್ಮ,
ಬಲೆಯ ಕಣ್ಣಲ್ಲಿ ಬೆರಳಿಟ್ಟು ಎಣಿಕೆ ಕಲಿತವಳು.
ದಡದಲ್ಲಿ ನಿಂತು, ಕೊರಳ ಕರಡಿಗೆ ಹಿಡಿದುಕೊಂಡು,
'ನಾವು ತಿನ್ನಂಗಿಲ್ಲ, ಮುಟ್ಟಂಗಿಲ್ಲ.
ಬೆಳೆಸಬೌದೇನು?' ಅಂದರು.
'ತಿನ್ನಾಕೆ ನಾವಿದ್ದೀವಲ್ಲ' ಅಂದೆ.
'ಮೊದಲು ಸುಣ್ಣ ತರಿಸ್ರಿ. ಆಮೇಲೆ ಸಗಣಿ.'

ಸುಣ್ಣ ಕುಡಿದ ನೀರು ಒಂದು ವಾರ ಮುನಿಸಿಕೊಂಡಿತು.
ಸಗಣಿ ಬಿದ್ದ ಮೇಲೆ ಹೆಸರುಕಾಳು ನೆನೆಸಿಟ್ಟ ಬಣ್ಣ.
ಮೊಣಕೈವರೆಗೆ ತೋಳು ಇಳಿಬಿಟ್ಟೆ,
ಅಂಗೈ ಕಾಣಲಿಲ್ಲ.
'ಸಾಕು,' ಅಂದೆ, 'ಈಗ ಇದು ಹಾಲು.'

ಮರಿಗಳು ಬಿ.ಆರ್.ಪ್ರಾಜೆಕ್ಟಿನಿಂದ ಬಂದವು,
ಗಾಳಿ ತುಂಬಿ ಬಿಗಿದ ಚೀಲದಲ್ಲಿ, ನನ್ನ ಮಡಿಲ ಮೇಲೆ.
ಕಂಡಕ್ಟರ್ ಬಗ್ಗಿ ನೋಡಿದ: 'ಎಷ್ಟು ಜನ?'
'ಎರಡು ಸಾವಿರ.'
'ಹೆಣ್ಣಾದರೆ ಪುಕ್ಕಟೆ' ಅಂದು ಮುಂದೆ ಹೋದ.

ತಂದ ಕೂಡಲೇ ಸುರಿಯಬಾರದು.
ಚೀಲವನ್ನು ಹಾಗೇ ತೇಲಿಬಿಡಬೇಕು,
ಒಳಗಿನ ನೀರಿಗೆ ಹೊರಗಿನ ನೀರಿನ ಮೈಬಿಸಿ
ಗೊತ್ತಾಗುವವರೆಗೆ.
ಆ ಅರ್ಧ ಗಂಟೆ ಓಂಕಾರಪ್ಪ ಚಪ್ಪಲಿ ಬಿಟ್ಟು ಕೂತಿದ್ದರು,
ಮಗಳನ್ನು ಕೊಟ್ಟ ಮನೆಗೆ ಮೊದಲ ಸಲ ಹೋದವರು
ಕಾಫಿ ಬರುವವರೆಗೆ ಕೂತ ಹಾಗೆ.
ಬಾಯಿ ಬಿಚ್ಚಿದೆ.
ಒಂದು ಮರಿ ಹೊರಗೆ ಬಂತು, ತಿರುಗಿ ಒಳಗೆ ಹೋಯಿತು,
ಆಮೇಲೆ ಎಲ್ಲವೂ.

ಮೇಲೆ ಕಾಟ್ಲಾ, ನಡುವೆ ರೋಹು, ತಳದಲ್ಲಿ ಮೃಗಾಲ್.
ಒಂದರ ತಟ್ಟೆಗೆ ಇನ್ನೊಂದು ಕೈಹಾಕುವುದಿಲ್ಲ.
ಮೂರು ಮಹಡಿ!
ಊರಿಗೆ ಹೋದ ಮಣ್ಣು ಕಟ್ಟಿದ್ದೂ ಅದನ್ನೇ;
ಅಲ್ಲಿ ಮಾತ್ರ ನಲ್ಲಿ ನೀರಿಗೆ ದಿನಾ ಜಗಳವಂತೆ.

ಮಂಡಕ್ಕಿ ಭಟ್ಟಿಯ ಜಬೀವುಲ್ಲಾ ಸಾಬರು
ಒಡಕು ಮಂಡಕ್ಕಿ, ಜರಡಿಯ ಧೂಳು ಚೀಲ ಕಟ್ಟಿ ಕಳಿಸುತ್ತಾರೆ.
ಬಲೆ ಎಳೆದ ದಿನ ಎರಡು ಕಾಟ್ಲಾ ತಲೆ ಅವರಿಗೆ,
ಲೆಕ್ಕ ಚುಕ್ತಾ.
ದಡದ ಹುಲ್ಲಿನಲ್ಲಿ ಬಿಟ್ಟ ಗಪ್ಪಿಗಳು
ಸೊಳ್ಳೆಯ ಸಂಸಾರ ಮುಗಿಸಿದವು.
ತಳದ ಕಪ್ಪು ನೀರನ್ನು ಪಂಪು ಹಚ್ಚಿ ಭತ್ತಕ್ಕೆ ಬಿಟ್ಟೆವು.
ಆ ಸಲ ಯೂರಿಯಾ ಎರಡು ಚೀಲ ಕಡಿಮೆ,
ಪಕ್ಕದ ಹೊಲದವರು ಬದುವಿನ ಮೇಲೆ ಸುಮ್ಮನೆ ಓಡಾಡಿದರು.

ಸಂಜೆ ಓಂಕಾರಪ್ಪ ಬಂದು ಒಮ್ಮೆ ಕೆಮ್ಮಿದರೆ ಸಾಕು,
ನೀರು ಅನ್ನದ ಎಸರಿನಂತೆ ಕುದಿಯುತ್ತದೆ.
ನಾನು ಕೆಮ್ಮಿ ನೋಡಿದೆ. ಒಂದೂ ಬರಲಿಲ್ಲ.

ಹತ್ತನೇ ತಿಂಗಳು, ಬೆಳಗಿನ ಚಳಿಯಲ್ಲಿ ಬಲೆ ಎಳೆದೆವು.
ತಕ್ಕಡಿ ಬಂತು, ಬೈಕು ಬಂದವು, ಬೋಸಿ ಹಿಡಿದ ಹೆಂಗಸರು.
ನನ್ನ ಮೊಮ್ಮಗ ಮುಳ್ಳು ಬಿಡಿಸುವುದನ್ನು
ಆ ದಿನವೇ ಕಲಿತ, ಮೂರು ತುಂಡಿನಲ್ಲಿ.
ಓಂಕಾರಪ್ಪ ದೂರ ಬೇವಿನ ಬುಡದಲ್ಲಿ ಬೆನ್ನು ತಿರುಗಿಸಿ ಕೂತವರು
ಮಧ್ಯಾಹ್ನ ಕೇಳಿದರು:
'ಕಿವಿ ಹತ್ರ ಬಿಳಿ ಮಚ್ಚೆ ಇರೋದು, ಹೋಯ್ತೇನು?'
'ಮೀನಿಗೆ ಕಿವಿ ಎಲ್ಲೈತ್ರಿ?' ಅಂದೆ.
ಹೋಗಿರಲಿಲ್ಲ. ನಾನೇ ಬಲೆ ಎತ್ತಿ ಬಿಟ್ಟಿದ್ದೆ.
ಎರಡೂಕಾಲು ಕೇಜಿ.

ಈಗ ದಿನಾ ಒಂದೇ ಮಾತು,
ಗುಂಡಿ ಮುಚ್ಚಲು ಹೊರಟಿದ್ದ ಮನುಷ್ಯನದು:
'ಹಾಲವ್ವ, ಬೇಸಿಗೆಗೆ ಪಕ್ಕದ್ದೊಂದು ತೋಡಿಸಾಣೇನು?
ಮಣ್ಣು ಯಾರಾದ್ರು ಒಯ್ಲಿ.'