ಮಾಳಗಿ ಮ್ಯಾಲಿನ ಮಣ್ಣು

ನೆಲದೊಳಗ ಗುಡುಗಿದಂಗಾತು.
ಮುಗಿಲು ಸ್ವಚ್ಛ ಇತ್ತು.
ನಾಗೊಂದಿ ಮ್ಯಾಲಿನ ಕೊಡ
ನಿದ್ದ್ಯಾಗ ಹಲ್ಲು ಕಡದಂಗ ಕಡದು ಸುಮ್ಮನಾದವು.
"ಟ್ರಕ್ ಹೋತು, ಮಲ್ಕೋರಿ" ಅಂದ ಮಾವ.
ಮನಗೂಳಿ ತುಂಬ ಆ ರಾತ್ರಿ ಎಲ್ಲಾರ ಮನಿಮುಂದೂ
ಟ್ರಕ್ಕೇ ಹೋತಂತ.
ಮುಂಜಾನೆ ಓಣ್ಯಾಗ ಗಾಲಿಯ ಗುರ್ತಿಲ್ಲ.
ದೇವರ ಮಾಡದ ಬಾಜೂಕ ಬಿರುಕೊಂದು,
ಸೂಜಿ ಹೋಗುವಷ್ಟು.

ಮಗಳು ಪ್ರಮೀಳಾ ಸಾಲ್ಯಾಗ ಕಲತು ಬಂದ್ಲು:
ಕುಂದ್ರು, ತಲಿ ಮುಚ್ಚು, ಟೇಬಲಿನ ಕಾಲು ಹಿಡಿ.
"ಯವ್ವಾ, ನಮ್ಮ ಟೇಬಲ್ ಎಲ್ಲೈತಿ?"
ನಾಕು ಕಾಲಿನವು ನಮ್ಮನ್ಯಾಗ ಎರಡ:
ಒಂದು ನನ್ನ ಹೊಲಿಗಿ ಮಷೀನು,
ಇನ್ನೊಂದು ಎಮ್ಮಿ.
ಮಷೀನಿನ ಬುಡಕ ಹೊಕ್ಕು ಕುಂತಳು.
ಅರ್ಧಾ ಹೊಲದ ಜಂಪರಿನ ತೋಳು
ಆಕಿ ನೆತ್ತಿ ಮ್ಯಾಲ ಇಳಿಬಿದ್ದಿತ್ತು.
ನಗು ಬಂತು,
ಬಂದದ್ದು ಅರ್ಧಕ್ಕ ನಿಂತಿತು.

ಅವತ್ತ ಶುರು ಮಾಡಿದೆ.
ಹಂಡೆ, ತಾಮ್ರದ ಕೊಡ, ತವರಿನವರು ಕೊಟ್ಟ ಪರಾತ,
ಹದಿನೇಳು ವರ್ಷ ನಮ್ಮ ತಲಿ ಮ್ಯಾಲ ಮೆರದದ್ದು
ಒಂದ ತಾಸಿನ್ಯಾಗ ನೆಲಕ್ಕ ಇಳೀತು.
ಹಾಸಿಗಿ ಮ್ಯಾಲಿದ್ದ ಮುತ್ಯಾನ ಫೋಟೋ
ಎದುರಿನ ಗ್ವಾಡಿಗೆ ಹೋತು;
ಈಗ ಮುತ್ಯಾ ನಮ್ಮ ಅಂಗಾಲು ನೋಡ್ಕೋತ ನಿಂತಾನ.
ಮಳಿಗಾಲಕ್ಕ ಉಬ್ಬಿ ಬಿಗಿಯೋ ತಲಬಾಗಿಲಕ್ಕ
ಬಡಿಗ್ಯಾರ ಮಾನಪ್ಪ ಹತರಿ ಹೊಡದ.
ಈಗ ಬೊಟ್ಟಿಗೆ ತಗೀತೈತಿ.
ರೇಶನ್ ಕಾರ್ಡು, ಹೊಲದ ಉತಾರಿ, ಅತ್ತಿಯ ಬಿಪಿ ಗುಳಿಗಿ,
ಬ್ಯಾಟರಿ, ಒಂದು ಸೀಟಿ,
ಗೊಬ್ಬರದ ಚೀಲದಾಗ ಕಟ್ಟಿ ಬೇವಿನ ಟೊಂಗಿಗೆ ತೂಗಹಾಕಿದೆ.
ಕಾಗಿ ಬಂದು ತನಿಖಿ ಮಾಡಿ ಹೋತು.

ಅತ್ತಿ ಮಾತ್ರ ಮ್ಯಾಲ ನೋಡ್ಕೋತ ಕುಂತಿದ್ದಳು.
ಭೀಮಾ ದಾಟಿ ಆಚಿ ಸೀಮ್ಯಾಗ ಆಕಿ ತಂಗಿಯ ಮನಿ.
ಮೂವತ್ತು ವರ್ಷದ ಹಿಂದ, ಗಣಪತಿ ಕಳಿಸಿದ ರಾತ್ರಿ.
"ನೆಲ ಏನೂ ಮಾಡಲಿಲ್ಲವಾ, ಬರೇ ಮಗ್ಗಲಾ ಹೊಳ್ಳಿತು.
ಕೊಂದದ್ದು ಮಾಳಗಿ ಮ್ಯಾಲಿನ ಮಣ್ಣು,
ಸೋರಬಾರದಂತ ವರ್ಷಾ ವರ್ಷಾ ಹೊತ್ತು ಹಾಕಿದ್ದು.
ಕೈ ಸಿಕ್ಕಿತು ಮೊದಲ. ಬಳಿ ಒಡದಿರಲಿಲ್ಲ."
ಇಷ್ಟು ವರ್ಷ ತಂಗಿಯ ಹೆಸರಷ್ಟ ಹೇಳತಿದ್ದಳು;
ಬಳಿ ತನಕ ಬಂದದ್ದು ಇದ ಮೊದಲು.

ಮಾವ ಒಪ್ಪಲಿಲ್ಲ.
"ಇದು ನಮ್ಮಪ್ಪ ಹಾಕಿದ್ದು, ನಾ ಹಾಕಿದ್ದು,
ಒಂದು ಹನಿ ಸೋರಿಲ್ಲ ಈ ಮನಿ."
ನನ್ನ ಗಂಡ ಗುರಸಿದ್ದ ಅವರ ಮಾತಿಗೂ ಹೂಂ,
ಇವರ ಮಾತಿಗೂ ಹೂಂ.
ಎಪ್ಪತ್ತರ ಅತ್ತಿ ಸಲಿಕಿ ಹಿಡದು ನಿಚ್ಚಣಕಿ ಏರಿದಳು.
ಆಮ್ಯಾಲ ಗಂಡಸರು ಏರಿದರು.

ಬುಟ್ಟಿ ಬುಟ್ಟಿ ಇಳೀತು ಮಣ್ಣು.
ಮ್ಯಾಲಿನ ಪದರಿನ್ಯಾಗ ಪ್ರಮೀಳಾನ ಗೋಲಿ,
ಪಟಾಕಿ ಕಾಗದ, ಕುಸುಬಿ ಸಿಪ್ಪಿ.
ಅದರ ಕೆಳಗ ನನ್ನ ಕಾಲುಂಗುರ,
ಲಗ್ನಾದ ವರ್ಷ ಹಪ್ಪಳಾ ಒಣಹಾಕುವಾಗ ಕಳದದ್ದು.
ಕಾಗಿ ಒಯ್ತು ಅಂತ ಸುಳ್ಳು ಹೇಳಿದ್ದೆ.
ಅತ್ತಿ ಅದನ್ನ ಸೆರಗಿಗೆ ಒರಸಿ
ಒಂದು ಮಾತೂ ಆಡದ ನನ್ನ ಕೈಯಾಗಿಟ್ಟಳು.
ಇನ್ನೂ ಕೆಳಗ, ಒಣಗಿ ಕಲ್ಲಾದ ಸಾರಣಿ,
ಅದರ ಮ್ಯಾಲ ನಾಕು ಬೆರಳು ಎಳದ ಗೀಟು.
ಮಾವ ಕೈ ಹಾಕಿ ನೋಡಿದ. ಬೆರಳು ಕೂಡಲಿಲ್ಲ,
ಗೀಟು ಸಣ್ಣವು, ಹೆಣ್ಣಿನವು.
"ಅವ್ವಂದು" ಅಂದ.
"ಇದಷ್ಟು ಇರಲಿ."
ಒಂದು ಗೇಣು ಉಳೀತು.

ಆ ರಾತ್ರಿ ತೊಲಿ ಲಟಕ್ಕಂತ ಎರಡು ಸಲ ಅಂದವು,
ಹೊರಿ ಇಳಿಸಿದವರು ಸೊಂಟ ಎತ್ತಿದಂಗ.
ಇಳಿಸಿದ ಮಣ್ಣಿನ ಗುಡ್ಡಿಗೆ ಹೀರಿ ಬೀಜ ಊರಿದೆ.

ಮೊದಲ ಮಳಿಗೇ ಸೋರಿತು, ಐದು ಕಡೆ.
ಮಾವ ನಮ್ಮೆಲ್ಲಾರ ಮಾರಿ ನೋಡಿ ಮೀಸ್ಯಾಗ ನಕ್ಕ.
ನೆಲದ ಮ್ಯಾಲಿದ್ದ ತಾಮ್ರದ ಕೊಡ, ಹಂಡೆ, ಪರಾತ
ಜರುಗಿಸಿ ಹನಿಗೆ ಹಿಡದೆ.
ಒಂದೊಂದರದು ಒಂದೊಂದು ದನಿ.
ಮಗಳು ಮಷೀನಿನ ಕಾಲು ಹಿಡ್ಕೊಂಡ ಮಲಗಿದಳು.

ನಡುರಾತ್ರಿ ಮಳಿ ನಿಂತಿತ್ತು.
ಹನಿನೂ ನಿಂತಿತ್ತು.
ಪರಾತದ ನೀರಿನ್ಯಾಗ ಉಂಗುರ ಎದ್ದವು.
ಒಂದರ ಹಿಂದ ಒಂದು.

ಬಾಗಿಲಾ ಬೊಟ್ಟಿಗೆ ತಗೀತು.
ಬೇವಿನ ಬುಡಕ ನಿಂತು ತಲಿ ಎಣಿಸಿದೆ,
ಎಮ್ಮಿ ಹಗ್ಗ ಹಿಡದ ಮಾವನ ಕೂಡ ಐದು.
ಈ ಸಲ ಯಾರೂ
ಟ್ರಕ್ ಅನ್ನಲಿಲ್ಲ.